ಶಿಕಾರಿ ರೈಫಲ್ ಸಂಗ್ರಹಕ್ಕೆ ಮುಂದಿನ ಕ್ಯಾಲಿಬರ್ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದು ಶಿಕಾರಿಗೆ ಇಳಿದ ಕನ್ನಡಿಗರು ಅಲ್ಲಲ್ಲಿ ಇದ್ದಾರೆ. ಕೊಡಗು, ಮಲೆನಾಡಿನ ಕಡೆಯವರಿಗೆ ಕೋವಿ ಹೊಸದಲ್ಲ. ಬೆಂಗಳೂರಿನವರಿಗೆ ಆಫೀಸಿನ ಗೆಳೆಯನೊಬ್ಬ ನವೆಂಬರ್ ಚಳಿಯಲ್ಲಿ ಕಾಡಿಗೆ ಕರೆದುಕೊಂಡು ಹೋಗಿ ರುಚಿ ಹತ್ತಿಸಿರುತ್ತಾನೆ. ಒಂದು ರೈಫಲ್ ಆಗುತ್ತದೆ, ಎರಡಾಗುತ್ತದೆ, ಆಮೇಲೆ "ಮುಂದೆ ಯಾವುದು?" ಅಂತ ಶುರು. ಸಂಘದ ಊಟದ ಹೊತ್ತಿನಲ್ಲಿ, ಫೋನಿನಲ್ಲಿ, ಮೇಲ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಹಾಗಾಗಿ ಜಿಂಕೆ ಶಿಕಾರಿಯ ಕಡೆ ನನ್ನ ಒಲವು ಸ್ವಲ್ಪ ಜಾಸ್ತಿ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಕಾಡಿಗೆ ಹೋಗುವ ಮೊದಲು ನಿಮ್ಮ ರಾಜ್ಯದ ಈ ಸೀಸನ್ನಿನ ನಿಯಮ ಪುಸ್ತಿಕೆ ಓದಿ.

## ಶುರು ಮಾಡುವವರಿಗೆ

ಕ್ಯಾಲಿಬರ್ ಅಂದ್ರೆ ಗುಂಡಿನ ದಪ್ಪ ತಾನೇ? ಮತ್ತೆ .308, .30-06, .300 ಮ್ಯಾಗ್ನಂ ಮೂರೂ ಬೇರೆ ಬೇರೆ ಹೇಗೆ?

ಮೂರರ ಗುಂಡಿನ ದಪ್ಪವೂ ಒಂದೇ, 0.308 ಇಂಚು. ಬೇರೆಯಾಗಿರುವುದು ಹಿಂದಿನ ಹಿತ್ತಾಳೆ ಕೇಸು ಮತ್ತು ಅದರೊಳಗೆ ಹಿಡಿಸುವ ಮದ್ದು. ಅಂಗಡಿಯಲ್ಲಿ ಕ್ಯಾಲಿಬರ್ ಅಂದರೆ ಇಡೀ ತೋಟೆಯ (ಗುಂಡು, ಮದ್ದು, ಕೇಸು ಸೇರಿದ ಕಾರ್ಟ್ರಿಜ್) ಹೆಸರು ಅಂತಲೇ ತಿಳಿಯಿರಿ. ಒಂದರ ತೋಟೆಯನ್ನು ಇನ್ನೊಂದರ ರೈಫಲ್‌ಗೆ ಹಾಕುವ ಹಾಗಿಲ್ಲ.

ಹೆಸರಿಡುವುದಕ್ಕೆ ಒಂದು ನಿಯಮ ಅಂತ ಇಲ್ಲ. .30-06ರಲ್ಲಿರುವ 06 ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. .30-30ರ ಎರಡನೇ 30 ಮದ್ದಿನ ತೂಕ. .45-70ರಲ್ಲಿ 70 ಗ್ರೇನ್ ಕರಿಮದ್ದು. .270 ಅನ್ನುವುದರ ಗುಂಡು ನಿಜವಾಗಿ ಅಳೆದರೆ 0.277 ಇಂಚು! 7 ಎಂಎಂ-08 ಅಂದರೆ .308ರ ಕೇಸಿನ ಕುತ್ತಿಗೆ ಕಿರಿದು ಮಾಡಿ 7 ಎಂಎಂ ಗುಂಡು ಕೂರಿಸಿದ್ದು. ಹೆಸರು ನೋಡಿ ಶಕ್ತಿ ಅಳೆಯಬೇಡಿ. ಡಬ್ಬಿಯ ಮೇಲೆ ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಅಡಿಯ ಲೆಕ್ಕದಲ್ಲಿ ಇರುತ್ತದೆ. ಸುಮಾರು 15.4 ಗ್ರೇನ್ ಸೇರಿದರೆ ಒಂದು ಗ್ರಾಂ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಇಟ್ಟುಕೊಳ್ಳಬಹುದಾ?

ಕ್ಯಾಲಿಬರ್‌ಗಿಂತ ಮೊದಲು ಇದನ್ನು ಸರಿ ಮಾಡಿಕೊಳ್ಳಿ. ಫೆಡರಲ್ ಕಾನೂನಿನಲ್ಲಿ ನಾನ್-ಇಮಿಗ್ರಂಟ್ ವೀಸಾದವರು ಬಂದೂಕನ್ನೂ ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಶಿಕಾರಿ ಲೈಸನ್ಸ್. ಅಂದರೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್, ಆಮೇಲೆ ಲೈಸನ್ಸ್, ಆಮೇಲೆ ಅಂಗಡಿ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ಈ ವಿನಾಯಿತಿಯ ಬಗ್ಗೆ ಪ್ರಶ್ನೆ ಇದೆ.

ಇಲ್ಲಿ ಹಲವರು ಮರೆಯುವ ವಿಷಯ ಒಂದಿದೆ. ಲೈಸನ್ಸಿನ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಮನೆಯ ಕಪಾಟಿನಲ್ಲಿ ಸುಮ್ನೆ ಬಿದ್ದಿರುವ ರೈಫಲ್ ಕೂಡ ಆಗ ಅಪರಾಧ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನ ಕಾಡುಹಂದಿಗೆ ಮಾಲೀಕರ ಒಪ್ಪಿಗೆ ಇದ್ದರೆ ಲೈಸನ್ಸ್ ಬೇಡ ಅಂತ ಗೆಳೆಯರು ಹೇಳುತ್ತಾರೆ. ಅವರಿಗೆ ಬೇಡ, ಸರಿ. ವೀಸಾದಲ್ಲಿರುವ ನಿಮಗೆ ಬೇಕು. ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ರಾಜ್ಯದ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು. ಒಮ್ಮೆ ವಕೀಲರಿಗೆ ಕೊಡುವ ಫೀಸು ಉಳಿಸಲು ಹೋಗಿ ವೀಸಾ ಕಳೆದುಕೊಳ್ಳಬೇಡಿ.

ನಮ್ಮದು ಕೊಡಗು. ಊರಿಗೆ ಹೋದಾಗ ನಮ್ಮ ತೋಟದಲ್ಲೇ ಶಿಕಾರಿ ಮಾಡಬಹುದಲ್ವಾ?

ಇಲ್ಲ. ಕೋವಿ ಇಟ್ಟುಕೊಳ್ಳುವುದು ಬೇರೆ, ಶಿಕಾರಿ ಬೇರೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯಿರಿ. ಆದರೆ ಶಿಕಾರಿ ನಿಷೇಧಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡಗಿಗೂ ಒಂದೇ, ಬೀದರಿಗೂ ಒಂದೇ. ಈ ಪುಟದಲ್ಲಿರುವ ಶಿಕಾರಿಯ ಮಾತೆಲ್ಲ ಅಮೆರಿಕದ್ದು.

ನನ್ನ ಹತ್ತಿರ ಏನೂ ಇಲ್ಲ. ಒಂದೇ ಒಂದು ರೈಫಲ್ ಅಂದ್ರೆ ಯಾವುದು?

ಜಿಂಕೆಗೆ ಅಂತಾದರೆ .308 ವಿಂಚೆಸ್ಟರ್, 7 ಎಂಎಂ-08 ಅಥವಾ 6.5 ಕ್ರೀಡ್‌ಮೂರ್. ಮೂರರಲ್ಲಿ ಯಾವುದಾದರೂ ಆಗಬಹುದು. ನಿಮ್ಮ ಊರಿನ ಅಂಗಡಿಯಲ್ಲಿ ಯಾವುದರ ತೋಟೆ ಹೆಚ್ಚು ಬಗೆಯಲ್ಲಿ ಸಿಗುತ್ತದೋ ಅದನ್ನು ಆರಿಸಿ. ಹೆಚ್ಚಿನ ಕಡೆ ಅದು .308 ಆಗಿರುತ್ತದೆ. 1952ರಿಂದ ಮಾರುಕಟ್ಟೆಯಲ್ಲಿದೆ. 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,820 ಅಡಿ ವೇಗದಲ್ಲಿ ಹೊರಡುತ್ತದೆ. ಜಿಂಕೆಗೆ, ಕರಿ ಕರಡಿಗೆ, ಕಾಡುಹಂದಿಗೆ ಧಾರಾಳ.

ಆದರೆ ನನ್ನನ್ನು ಕೇಳಿದರೆ ಮೊದಲ ರೈಫಲ್ ಇದಲ್ಲ, .22 ಲಾಂಗ್ ರೈಫಲ್. 1887ರಿಂದ ಇದೆ. ಒದೆತವೇ ಇಲ್ಲ, ಸದ್ದು ಕಡಿಮೆ. ಒಂದು .308 ತೋಟೆಯ ದುಡ್ಡಿಗೆ ಹತ್ತಕ್ಕಿಂತ ಹೆಚ್ಚು .22 ಈಡು ಹೊಡೆಯಬಹುದು. ಕುದುರೆ (ಟ್ರಿಗರ್) ಎಳೆಯುವಾಗ ಕಣ್ಣು ಮುಚ್ಚುವ ಅಭ್ಯಾಸ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಅಳಿಲು, ಮೊಲಕ್ಕೂ ಇದೇ ಆಗುತ್ತದೆ. ಜಿಂಕೆಗೆ ಮಾತ್ರ ಬೇಡವೇ ಬೇಡ. ಅದು ಹೆಚ್ಚಿನ ರಾಜ್ಯಗಳಲ್ಲಿ ಕಾನೂನಿಗೂ ವಿರುದ್ಧ, ಪ್ರಾಣಿಗೂ ಹಿಂಸೆ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. .308 ತಗೊಂಡ್ರೆ ಇಲ್ಲೇ ಜಿಂಕೆ ಹೊಡೀಬಹುದಾ?

ಆಗುವುದಿಲ್ಲ. ನ್ಯೂಜೆರ್ಸಿಯಲ್ಲಿ ಜಿಂಕೆಗೆ ಇಂಥ ರೈಫಲ್ ಬಳಸುವಂತಿಲ್ಲ. ಬಿಲ್ಲು, ಶಾಟ್‌ಗನ್, ಮುಂದಿನಿಂದ ಮದ್ದು ತುಂಬುವ ಮಝಲ್‌ಲೋಡರ್, ಇಷ್ಟೇ. ಪೆನ್ಸಿಲ್ವೇನಿಯಾದಲ್ಲೂ ಫಿಲಡೆಲ್ಫಿಯಾ ಸುತ್ತಲಿನ ಬಕ್ಸ್, ಮಾಂಟ್‌ಗೊಮರಿ, ಚೆಸ್ಟರ್, ಡೆಲವೇರ್ ಕೌಂಟಿಗಳಲ್ಲಿ ಮತ್ತು ಪಿಟ್ಸ್‌ಬರ್ಗ್ ಇರುವ ಅಲೆಗೆನಿ ಕೌಂಟಿಯಲ್ಲಿ ವಿಶೇಷ ನಿಯಮ ಇದೆ. ಅಲ್ಲಿ ಜಿಂಕೆಗೆ .308 ತರಹದ ಸೆಂಟರ್‌ಫೈರ್ ರೈಫಲ್ ಇಲ್ಲ. ನಮ್ಮವರು ಜಾಸ್ತಿ ಇರುವುದು ಸರಿಯಾಗಿ ಈ ಜಾಗಗಳಲ್ಲೇ ನೋಡಿ! ರೈಫಲ್ ತಗೊಂಡ ಮೇಲೆ ಎರಡು ಮೂರು ಗಂಟೆ ಕಾರು ಓಡಿಸಿ ಮಧ್ಯ ಪೆನ್ಸಿಲ್ವೇನಿಯಾದ ಬೆಟ್ಟಗಳಿಗೆ ಹೋಗಲು ಸಿದ್ಧರಿದ್ದರೆ ಸರಿ. ಇಲ್ಲದಿದ್ದರೆ ನಿಮಗೆ ಮೊದಲು ಬೇಕಾಗಿರುವುದು ರೈಫಲ್ಲೇ ಅಲ್ಲ, 20 ಗೇಜಿನ (ಗೇಜ್ ಅಂದರೆ ಶಾಟ್‌ಗನ್ ನಳಿಗೆಯ ಅಳತೆ) ಒಂದು ಶಾಟ್‌ಗನ್.

## ಸಂಗ್ರಹ ಬೆಳೆಸುವವರಿಗೆ

ಒಟ್ಟು ಎಷ್ಟು ರೈಫಲ್ ಇದ್ದರೆ ಸಂಗ್ರಹ ಪೂರ್ತಿ ಆಯ್ತು ಅನ್ನಬಹುದು?

ಕೆಲಸ ಎಷ್ಟಿದೆಯೋ ಅಷ್ಟು. ನಾನು ಎಲ್ಲರಿಗೂ ಹೇಳುವುದು ಒಂದೇ. ಒಂದು ಹಾಳೆಯಲ್ಲಿ ಒಂದೊಂದು ಶಿಕಾರಿಗೆ ಒಂದೊಂದು ಸಾಲು ಬರೆಯಿರಿ. ಯಾವ ಪ್ರಾಣಿ, ಎಷ್ಟು ದೂರ, ಎಂಥ ಜಾಗ. ಮುಂದಿನ ಎರಡು ಮೂರು ವರ್ಷದಲ್ಲಿ ನಿಜವಾಗಿ ಹೋಗುವ ಶಿಕಾರಿಯನ್ನು ಮಾತ್ರ ಬರೆಯಬೇಕು. ಯೂಟ್ಯೂಬ್‌ನಲ್ಲಿ ನೋಡಿದ್ದು ಬೇಡ. ಈಗಿರುವ ರೈಫಲ್‌ಗಳನ್ನು ಆ ಸಾಲುಗಳ ಎದುರು ಬರೆಯಿರಿ. ಖಾಲಿ ಉಳಿದ ಸಾಲು ಇದ್ದರೆ ಅದು ನಿಮ್ಮ ಮುಂದಿನ ರೈಫಲ್. ಒಂದೇ ಸಾಲಿನ ಎದುರು ಮೂರು ಇದ್ದರೆ ಎರಡನ್ನು ಮಾರಬಹುದು.

ಸಾಮಾನ್ಯವಾಗಿ ಸಾಲುಗಳು ಹೀಗೆ ಬರುತ್ತವೆ. ಅಳಿಲು, ಮೊಲಕ್ಕೆ .22. ನರಿಯಂಥ ಕೊಯೋಟಿ, ಬಿಲ ತೋಡುವ ಗ್ರೌಂಡ್‌ಹಾಗ್‌ಗೆ .223 ತರಹದ ವೇಗದ ಸಣ್ಣ ಗುಂಡು. ಜಿಂಕೆ, ಬಯಲಿನ ಹುಲ್ಲೆಯಂಥ ಪ್ರಾಂಗ್‌ಹಾರ್ನ್‌ಗೆ 6.5ರಿಂದ .308ರ ತನಕ. ದೊಡ್ಡ ಜಿಂಕೆ ಜಾತಿಯ ಎಲ್ಕ್, ಮೂಸ್‌ಗೆ .30-06 ಅಥವಾ ಅದಕ್ಕಿಂತ ಮೇಲೆ. ಅಲಾಸ್ಕಾದ ದೊಡ್ಡ ಕರಡಿ, ಆಫ್ರಿಕಾದ ಕಾಡೆಮ್ಮೆಗೆ .338, .375. ಕೊನೆಯ ಸಾಲು ನಮ್ಮಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಮೂರನೆಯದೂ ನಾಲ್ಕನೆಯದೂ ಎಷ್ಟೋ ಜನರಿಗೆ ಒಂದೇ ರೈಫಲ್‌ನಲ್ಲಿ ಮುಗಿಯುತ್ತದೆ. ಹಾಗೆ ನೋಡಿದರೆ ಪೂರ್ವ ಕರಾವಳಿಯ ಶಿಕಾರಿಗನಿಗೆ ಮೂರು ರೈಫಲ್ ಸಾಕು, ನಾಲ್ಕು ಜಾಸ್ತಿಯೇ ಆಯಿತು.

ಚಂದ ಕಾಣುತ್ತದೆ ಅಂತ ಕೊಳ್ಳುವುದು ತಪ್ಪಾ? ಖಂಡಿತ ಅಲ್ಲ. ಆದರೆ ಅದನ್ನು ಆಸೆ ಅಂತಲೇ ಹೇಳಿ ಕೊಳ್ಳಿ. ಹೆಂಡತಿಗೆ "ಇದು ಬೇಕೇ ಬೇಕು" ಅಂತ ಲೆಕ್ಕ ಒಪ್ಪಿಸಲು ಹೋಗಬೇಡಿ.

.308 ಇದೆ. ಈಗ .30-06 ಸೇರಿಸಲಾ, .270 ಸೇರಿಸಲಾ?

ಎರಡೂ ಬೇಡ. .30-06 ಅದೇ ದಪ್ಪದ ಗುಂಡನ್ನು .308ಗಿಂತ ಸೆಕೆಂಡಿಗೆ ನೂರು ಅಡಿಯಷ್ಟು ಹೆಚ್ಚು ವೇಗದಲ್ಲಿ ಕಳಿಸುತ್ತದೆ. 180 ಗ್ರೇನ್‌ನ ಭಾರದ ಗುಂಡಿನಲ್ಲಿ ಆ ವ್ಯತ್ಯಾಸಕ್ಕೆ ಬೆಲೆ ಇದೆ. ಆದರೆ 200 ಗಜದೊಳಗಿನ ಜಿಂಕೆಗೆ ಅದು ಗೊತ್ತೇ ಆಗುವುದಿಲ್ಲ. .270 1925ರಲ್ಲಿ ಬಂದದ್ದು, .30-06ರ ಕೇಸಿನಿಂದಲೇ ಹುಟ್ಟಿದ್ದು. 130 ಗ್ರೇನ್ ಗುಂಡು 3,060 ಅಡಿ ವೇಗದಲ್ಲಿ ಹೋಗುತ್ತದೆ, ದಾರಿ ಇನ್ನಷ್ಟು ನೇರ. ಅದ್ಭುತ ಕ್ಯಾಲಿಬರ್, ಒಪ್ಪುತ್ತೇನೆ. ನಿಮ್ಮ ಬಳಿ ಏನೂ ಇಲ್ಲದೆ .270 ಕೇಳಿದ್ದರೆ ಕಣ್ಣು ಮುಚ್ಚಿ ಹೂಂ ಅನ್ನುತ್ತಿದ್ದೆ. ಆದರೆ .308 ಇದ್ದವರಿಗೆ ಇವೆರಡೂ ಅದೇ ಕೆಲಸವನ್ನು ಇನ್ನೊಂದು ಡಬ್ಬಿಯ ತೋಟೆಯಿಂದ ಮಾಡುತ್ತವೆ, ಅಷ್ಟೇ.

.308 ಇದ್ದವರು ಕೆಳಗೆ ಹೋಗಬೇಕು ಇಲ್ಲವೇ ಮೇಲೆ ಹೋಗಬೇಕು. ಪಕ್ಕಕ್ಕೆ ಹೋಗಬಾರದು. ಕೆಳಗೆ ಅಂದರೆ .223 ಅಥವಾ .243. ಮೇಲೆ ಅಂದರೆ .300 ವಿಂಚೆಸ್ಟರ್ ಮ್ಯಾಗ್ನಂ. ಅದೂ ಎಲ್ಕ್ ಟ್ಯಾಗ್ (ಒಂದು ಎಲ್ಕ್ ಹೊಡೆಯುವ ಪರವಾನಗಿ) ಕೈಗೆ ಬಂದ ಮೇಲೆ.

6.5 ಕ್ರೀಡ್‌ಮೂರ್ ಬರೀ ಹವಾನಾ, ನಿಜವಾಗ್ಲೂ ಅಷ್ಟು ಚೆನ್ನಾಗಿದೆಯಾ?

ಹವಾನೂ ಇದೆ, ಸರಕೂ ಇದೆ. ಹಾರ್ನಡಿ ಕಂಪನಿ 2007ರಲ್ಲಿ ಗುರಿ ಸ್ಪರ್ಧೆಗೆ ಅಂತ ತಂದದ್ದು. 6.5 ಎಂಎಂ ಗುಂಡು ತೆಳ್ಳಗೆ, ಉದ್ದ. ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಅಡ್ಡಗಾಳಿಗೆ ಕಡಿಮೆ ಸರಿಯುತ್ತದೆ. ದೂರ ಹೋದಂತೆ ವೇಗ ಕಳೆದುಕೊಳ್ಳುವುದೂ ಕಡಿಮೆ. 143 ಗ್ರೇನ್ ಗುಂಡು ನಳಿಗೆಯಿಂದ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ. ಇದೇನೂ ಮಹಾ ವೇಗವಲ್ಲ. ಇದರ ನಿಜವಾದ ಗುಣ ಒದೆತ ಕಡಿಮೆ ಇರುವುದು. 8 ಪೌಂಡ್ ತೂಕದ ರೈಫಲ್‌ನಲ್ಲಿ .308 ಸುಮಾರು 17-18 ಅಡಿ-ಪೌಂಡ್ (ಶಕ್ತಿಯ ಅಳತೆ) ಒದ್ದರೆ ಇದು 12-13ರ ಆಸುಪಾಸು. ಭುಜ ನೋಯದಿದ್ದರೆ ಅಭ್ಯಾಸ ಜಾಸ್ತಿ ಆಗುತ್ತದೆ. ಅಭ್ಯಾಸ ಜಾಸ್ತಿ ಆದರೆ ಈಡು ಸರಿಯಾದ ಜಾಗಕ್ಕೆ ಬೀಳುತ್ತದೆ.

ಆದರೆ .308 ಈಗಾಗಲೇ ಇದ್ದು, ಹೊಡೆಯುವುದು ಪೆನ್ಸಿಲ್ವೇನಿಯಾದ ಕಾಡಿನಲ್ಲಿ 80 ಗಜಕ್ಕೆ ಅಂತಾದರೆ ಇದನ್ನು ಸೇರಿಸಿ ನಿಮಗೇನೂ ಸಿಗುವುದಿಲ್ಲ. ವ್ಯೋಮಿಂಗ್‌ನ ಬಯಲಿನಲ್ಲಿ ಪ್ರಾಂಗ್‌ಹಾರ್ನ್‌ಗೆ ಹೋಗುವ ಯೋಚನೆ ಇದ್ದರೆ ಮಾತು ಬೇರೆ. ಅಲ್ಲಿ 300 ಗಜ ಮಾಮೂಲು, ಗಾಳಿ ಅದಕ್ಕಿಂತ ಮಾಮೂಲು.

ನನಗೆ ಜಿಂಕೆಗೆ .243 ಸಾಕು ಅನ್ನಿಸ್ತಿದೆ. ನಮ್ಮನೆಯವರು "ತಗೊಂಡ್ರೆ .300 ಮ್ಯಾಗ್ನಂ ತಗೋ" ಅಂತಾರೆ. ಯಾರು ಸರಿ?

ನೀವೇ ಸರಿ. .243 ವಿಂಚೆಸ್ಟರ್ 1955ರಿಂದ ಜಿಂಕೆ ಬೀಳಿಸುತ್ತಾ ಬಂದಿದೆ. 100 ಗ್ರೇನ್ ಗುಂಡು, 2,960 ಅಡಿ ವೇಗ. ಒದೆತ ಮ್ಯಾಗ್ನಂನ ಮೂರರಲ್ಲಿ ಒಂದು ಪಾಲು. ಮುಂಗಾಲಿನ ಹಿಂದೆ, ಹೃದಯ-ಶ್ವಾಸಕೋಶದ ಜಾಗಕ್ಕೆ ಕೂತ .243 ಗುಂಡು ಜಿಂಕೆಯನ್ನು ಅಲ್ಲೇ ಆಸುಪಾಸಿನಲ್ಲಿ ಬೀಳಿಸುತ್ತದೆ. ಹೆದರಿ ಎಳೆದ ಕುದುರೆಯಿಂದ ಹೊಟ್ಟೆಗೆ ಬಿದ್ದ .300 ಗುಂಡಿನಿಂದ ರಾತ್ರಿಯೆಲ್ಲ ಟಾರ್ಚ್ ಹಿಡಿದು ರಕ್ತದ ಜಾಡು ಹುಡುಕುವ ಕೆಲಸ ಆಗುತ್ತದೆ.

ಎರಡು ಎಚ್ಚರಿಕೆ. .243ರಲ್ಲಿ 55-60 ಗ್ರೇನ್ ತೋಟೆಗಳೂ ಸಿಗುತ್ತವೆ. ಅವು ಕೊಯೋಟಿಗೆ ಮಾಡಿದ್ದು, ಜಿಂಕೆಯ ಮೇಲೆ ಒಳಗೆ ಹೋಗದೆ ಚೂರಾಗಬಹುದು. 90-100 ಗ್ರೇನ್‌ನದೇ ಕೊಳ್ಳಿ. ಎರಡನೆಯದು, ಜಿಂಕೆ ಓರೆಯಾಗಿ ನಿಂತಿದ್ದರೆ ಕಾಯಿರಿ. ಸಣ್ಣ ಗುಂಡಿನಲ್ಲಿ ಬೇಡದ ಕೋನದಿಂದ ಹೊಡೆಯಲು ಹೋಗಬಾರದು. ಇನ್ನೊಂದು ಮಾತು, ಹೆಂಗಸರಿಗೆ ಅಂತ ಸಣ್ಣ ಕ್ಯಾಲಿಬರ್ ತೋರಿಸುವ ಅಂಗಡಿಯವನಿಗೆ ಹೇಳಿ: ಅಳತೆ ಸರಿಹೊಂದದ ಕುಂದ (ಭುಜಕ್ಕೆ ಆನಿಸುವ ಭಾಗ) ಯಾವ ಕ್ಯಾಲಿಬರ್‌ನಲ್ಲೂ ಒದೆಯುತ್ತದೆ. ಕುಂದದ ಉದ್ದ ಸರಿಮಾಡಿಸಿ. ಅದರಿಂದ ಅರ್ಧ ಸಮಸ್ಯೆ ಮುಗಿಯುತ್ತದೆ.

ಕೊಯೋಟಿ, ಗ್ರೌಂಡ್‌ಹಾಗ್‌ಗೆ .223 ಸಾಕಾ? .22-250 ಬೇಕಾ?

.223 ಸಾಕು. ತೋಟೆ ಅಗ್ಗ, ಎಲ್ಲೆಡೆ ಸಿಗುತ್ತದೆ, ನಳಿಗೆ ಬೇಗ ಸವೆಯುವುದಿಲ್ಲ. .22-250ಗೆ ವೇಗ ಹೆಚ್ಚು. 300 ಗಜಕ್ಕಿಂತ ಆಚೆ ಗದ್ದೆಯ ಬಯಲಿನಲ್ಲಿ ಹೊಡೆಯುವವರಿಗೆ ಅದು.

ಕೊಲರಾಡೋಗೆ ಎಲ್ಕ್‌ಗೆ ಹೋಗ್ತಿದ್ದೀವಿ. ಮ್ಯಾಗ್ನಂ ಬೇಕೇ ಬೇಕಾ?

ಬೇಕೇ ಬೇಕು ಅಂತ ಇಲ್ಲ. ಕೊಲರಾಡೋದ ಕಾನೂನು ಕೇಳುವುದು ಕನಿಷ್ಠ .24 ಕ್ಯಾಲಿಬರ್, ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ. ಆ ಲೆಕ್ಕಕ್ಕೆ .243 ಕೂಡ ಪಾಸಾಗುತ್ತದೆ. ಆದರೆ ಕಾನೂನು ಒಪ್ಪುವುದು ಬೇರೆ, ಪ್ರಾಣಿ ಒಪ್ಪುವುದು ಬೇರೆ. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ನಮ್ಮ ಕಡವೆಗಿಂತ ದೊಡ್ಡದು. ಭುಜದ ಮೂಳೆ ದಪ್ಪ, ಪೆಟ್ಟು ತಿಂದರೂ ಬೆಟ್ಟ ಇಳಿದು ಹೋಗುವ ಗಟ್ಟಿ ಪ್ರಾಣಿ.

ನನ್ನ ಸಲಹೆ ಹೀಗೆ. .30-06 ಅಥವಾ .308 ಇದ್ದರೆ ಗಟ್ಟಿ ಗುಂಡು ಹಾಕಿ, 250-300 ಗಜದೊಳಗೆ ಹೊಡೆಯಿರಿ. ಗಟ್ಟಿ ಗುಂಡು ಅಂದರೆ ಒಳಗೆ ಚೂರಾಗದೆ ಅಣಬೆಯಂತೆ ಅರಳಿ ಆಳಕ್ಕೆ ಹೋಗುವಂಥದ್ದು. ಸೀಸ ಮತ್ತು ತಾಮ್ರ ಬೆಸೆದದ್ದು, ಇಲ್ಲವೇ ಪೂರ್ತಿ ತಾಮ್ರದ್ದು. ಹೊಸ ರೈಫಲ್‌ಗೆ ಇಟ್ಟ ದುಡ್ಡಿನಲ್ಲಿ ಒಳ್ಳೆಯ ತೋಟೆ, ದೂರ ಅಳೆಯುವ ರೇಂಜ್‌ಫೈಂಡರ್, ಗಟ್ಟಿ ಬೂಟು ಮೂರೂ ಬರುತ್ತವೆ.

ನಿಜವಾಗಿ ಸಂಗ್ರಹದ ಮೇಲಿನ ತುದಿ ತುಂಬಬೇಕು ಅಂತಿದ್ದರೆ .300 ವಿಂಚೆಸ್ಟರ್ ಮ್ಯಾಗ್ನಂ ಸರಿಯಾದ ಆಯ್ಕೆ. 1963ರದ್ದು. 180 ಗ್ರೇನ್ ಗುಂಡು 2,960 ಅಡಿ ವೇಗದಲ್ಲಿ, ನಳಿಗೆಯ ಬಾಯಲ್ಲಿ ಸುಮಾರು 3,500 ಅಡಿ-ಪೌಂಡ್. .30-06ಗೆ ಅದು 2,900ರಷ್ಟು. ಪಶ್ಚಿಮದ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ತೋಟೆ ಸಿಗುವ ಸಾಧ್ಯತೆ ಹೆಚ್ಚು. ಒದೆತ ಮಾತ್ರ ಮರೆಯುವಂಥದ್ದಲ್ಲ. ಒಂದು ಡಬ್ಬಿ ಒಂದೇ ಸಲಕ್ಕೆ ಬೆಂಚಿನ ಮೇಲಿಂದ ಹೊಡೆದರೆ ಮಾರನೇ ದಿನ ಕೀಬೋರ್ಡ್ ಮುಟ್ಟುವಾಗ ನೆನಪಾಗುತ್ತದೆ. ಅಭ್ಯಾಸ .22ರಲ್ಲಿ ಮಾಡಿ. ಮ್ಯಾಗ್ನಂನಲ್ಲಿ ಗುರಿ ಕೂಡಿಸಲು (ಸ್ಕೋಪ್ ಹೊಂದಿಸಲು) ಬೇಕಾದಷ್ಟೇ ಹೊಡೆಯಿರಿ.

ಕುದುರೆಯ ಕೆಳಗಿನ ಹಿಡಿ ಎಳೆದು ತೋಟೆ ಏರಿಸುವ ಲಿವರ್ ಆಕ್ಷನ್ .30-30 ನೋಡಿದ್ರೆ ಆಸೆ ಆಗುತ್ತೆ. ಹಳೇ ಕಾಲದ್ದು, ಯಾಕೆ ಅಂತಾರೆ ಎಲ್ಲರೂ.

ತಗೊಳ್ಳಿ. ಇದು ಆಸೆಯೂ ಹೌದು, ಖಾಲಿ ಸಾಲನ್ನು ತುಂಬುವುದೂ ಹೌದು. ಸ್ಕೋಪ್ ಹಾಕಿದ ಉದ್ದ ಬೋಲ್ಟ್ ರೈಫಲ್ ಹಿಡಿದು ದಟ್ಟ ಪೊದೆಯಲ್ಲಿ ನಡೆಯುವುದು ಕಷ್ಟ. .30-30 ಲಿವರ್ ರೈಫಲ್ ಗಿಡ್ಡ, ಹಗುರ, ತೆಳ್ಳಗೆ. ಒಂದೇ ಕೈಯಲ್ಲಿ ಹಿಡಿದು ಹಳ್ಳ ದಾಟಬಹುದು. ಅರೆ-ಸ್ವಯಂಚಾಲಿತ ರೈಫಲ್‌ಗಳನ್ನು ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಬಳಸುವಂತಿಲ್ಲ. ಬೇಗ ಎರಡನೇ ಈಡು ಹೊಡೆಯಬೇಕು ಅನ್ನುವವರಿಗೆ ಇಲ್ಲಿ ಲಿವರ್ ಒಳ್ಳೆಯ ದಾರಿ.

ಮಿತಿಯನ್ನು ತಿಳಿದುಕೊಳ್ಳಿ. 100 ಗಜಕ್ಕೆ ಗುರಿ ಕೂಡಿಸಿದರೆ 200 ಗಜದಲ್ಲಿ ಗುಂಡು ಸುಮಾರು 8-9 ಇಂಚು ಕೆಳಗಿರುತ್ತದೆ. ಶಕ್ತಿ ಅಲ್ಲಿ ನಳಿಗೆಯ ಬಾಯಿಯ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. 150 ಗಜದೊಳಗಿನ ರೈಫಲ್ ಇದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಚೂಪು ತುದಿಯ ಗುಂಡು ಮುಂದಿನ ತೋಟೆಯ ಪ್ರೈಮರ್‌ಗೆ (ಮದ್ದಿಗೆ ಕಿಡಿ ಕೊಡುವ ಬಟ್ಟಲಿಗೆ) ಕುಟ್ಟಿ ಹೊತ್ತಿಸಬಹುದು. ಅದಕ್ಕೇ ಚಪ್ಪಟೆ ಮೂತಿಯ ಅಥವಾ ಮೆತ್ತನೆ ಪ್ಲಾಸ್ಟಿಕ್ ತುದಿಯ ಗುಂಡು ಮಾತ್ರ ಬಳಸಬೇಕು.

ಒಹಾಯೋಗೆ ಕೆಲಸ ಬದಲಾಗಿದೆ. ನನ್ನ .308 ಅಲ್ಲಿ ನಡೆಯಲ್ಲವಂತೆ, ಹೌದಾ?

ಜಿಂಕೆಗೆ ನಡೆಯುವುದಿಲ್ಲ. ಒಹಾಯೋದಲ್ಲಿ ಜಿಂಕೆಗೆ ಕುತ್ತಿಗೆ ಕಿರಿದಾಗದ, ನೇರ ಗೋಡೆಯ ಕೇಸಿನ ತೋಟೆ ಬೇಕು. ಅಳತೆ .357ರಿಂದ .50ರ ಒಳಗೆ. ಜಾಗ ಸಮತಟ್ಟು, ಹೊಲಗಳ ನಡುವೆ ಮನೆಗಳು. ಗುಂಡು ಬಹಳ ದೂರ ಹೋಗಬಾರದು ಅನ್ನುವುದು ಇದರ ಹಿಂದಿನ ಯೋಚನೆ. ವಿಂಚೆಸ್ಟರ್ 2019ರಲ್ಲಿ ತಂದ 350 ಲೆಜೆಂಡ್ ಇಂಥ ರಾಜ್ಯಗಳಿಗಾಗಿಯೇ ಮಾಡಿದ್ದು. ಒದೆತ ಕಡಿಮೆ, 150-200 ಗಜದ ತನಕ ಜಿಂಕೆಗೆ ಸಾಕು. ದೊಡ್ಡ ಪೆಟ್ಟು ಬೇಕೆನ್ನುವವರಿಗೆ .450 ಬುಶ್‌ಮಾಸ್ಟರ್ ಇದೆ. ಹಳೆಯದನ್ನು ಇಷ್ಟಪಡುವವರಿಗೆ 1873ರ .45-70 ಇದೆ. ಆ ಮುದುಕ ಇನ್ನೂ ಗಟ್ಟಿಯಾಗಿದ್ದಾನೆ.

.308 ಮಾರಬೇಡಿ. ಪಕ್ಕದ ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾಗಳಿಗೆ ಬರುತ್ತೀರಲ್ಲ.

## ಸ್ವಲ್ಪ ಆಳಕ್ಕೆ

ಕ್ಯಾಲಿಫೋರ್ನಿಯಾದಲ್ಲಿ ಸೀಸದ ಗುಂಡು ಇಲ್ಲವಂತೆ. ತಾಮ್ರದ್ದು ನನ್ನ ಹಳೇ ರೈಫಲ್‌ನಲ್ಲಿ ಗುರಿಗೆ ಬೀಳ್ತಿಲ್ಲ. ಯಾಕೆ?

ಶಿಕಾರಿಗೆ ಸೀಸದ ಗುಂಡು ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಪೂರ್ತಿ ನಿಂತಿದೆ. ಬಿಟ್ಟುಹೋದ ಕರುಳು, ಮಾಂಸದಲ್ಲಿರುವ ಸೀಸದ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದದ್ದು ದೊಡ್ಡ ಕಾರಣ. ನಿಮ್ಮ ರಾಜ್ಯದಲ್ಲಿ ನಿಷೇಧ ಇಲ್ಲದಿದ್ದರೂ ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುತ್ತಾರೆ ಅಂದರೆ ತಾಮ್ರದ ಬಗ್ಗೆ ಯೋಚಿಸುವುದು ಒಳ್ಳೆಯದು.

ಈಗ ಗುರಿಯ ವಿಷಯ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕದ ಗುಂಡು ಮಾಡಬೇಕಾದರೆ ಉದ್ದ ಜಾಸ್ತಿ ಆಗುತ್ತದೆ. ಉದ್ದದ ಗುಂಡು ಗಾಳಿಯಲ್ಲಿ ಓಲಾಡದೆ ಹೋಗಬೇಕಾದರೆ ನಳಿಗೆಯೊಳಗಿನ ತಿರುಪು ಬಿಗಿಯಾಗಿರಬೇಕು. 1:10 ಅಂದರೆ ಗುಂಡು 10 ಇಂಚಿಗೆ ಒಂದು ಸುತ್ತು ತಿರುಗುತ್ತದೆ. 1:8 ಅಂದರೆ ಇನ್ನೂ ಬೇಗ. ಹಳೆಯ .223ಗಳು 1:12. ಅವು 77 ಗ್ರೇನ್ ಉದ್ದ ಗುಂಡನ್ನು ನೆಟ್ಟಗೆ ಹಾರಿಸಲಾರವು. 6.5 ಕ್ರೀಡ್‌ಮೂರ್ ಮೊದಲಿನಿಂದಲೂ 1:8, ಹಾಗಾಗಿ ಅದಕ್ಕೆ ತಲೆನೋವಿಲ್ಲ.

ಪರಿಹಾರ ಸುಲಭ. ಒಂದು ಮೆಟ್ಟಿಲು ಹಗುರಕ್ಕೆ ಇಳಿಯಿರಿ. .308ರಲ್ಲಿ 165 ಗ್ರೇನ್ ಸೀಸ ಬಳಸುತ್ತಿದ್ದರೆ 150 ಗ್ರೇನ್ ತಾಮ್ರ ಹಾಕಿ. ತಾಮ್ರದ ಗುಂಡು ಅರಳಲು ವೇಗವೂ ಬೇಕು. ಹಗುರ ಮಾಡಿದರೆ ಆ ವೇಗವೂ ಸಿಗುತ್ತದೆ. ಹಿಂದೆ ಹೊಡೆದ ಗುಂಡುಗಳ ಲೋಹ ನಳಿಗೆಯಲ್ಲಿ ಉಳಿಯದಂತೆ ಒಮ್ಮೆ ಚೆನ್ನಾಗಿ ತೊಳೆದು ಆಮೇಲೆ ಪರೀಕ್ಷಿಸಿ.

7 ಎಂಎಂ ಪಿಆರ್‌ಸಿ ಬಂದಿದೆ. ನನ್ನ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಮಾರಿಬಿಡಲಾ?

ಬೇಡ. 7 ಎಂಎಂ ಪಿಆರ್‌ಸಿ 2022ರದ್ದು. ಉದ್ದ, ಭಾರದ ಗುಂಡಿಗೆ ಅಂತಲೇ ಕೇಸು, ತಿರುಪು ಎರಡನ್ನೂ ಹೊಂದಿಸಿ ಮಾಡಿದ್ದಾರೆ. ಕಾಗದದ ಮೇಲೆ ಚೆನ್ನಾಗಿದೆ, ಬೆಂಚಿನ ಮೇಲೂ ಚೆನ್ನಾಗಿದೆ. ಆದರೆ 400 ಗಜದೊಳಗೆ ನಿಮ್ಮ 1962ರ ಮ್ಯಾಗ್ನಂ ಮಾಡದ ಯಾವ ಕೆಲಸವನ್ನೂ ಇದು ಮಾಡುವುದಿಲ್ಲ.

ಹೊಸ ಕ್ಯಾಲಿಬರ್ ಕೊಳ್ಳುವ ಮೊದಲು ಹತ್ತು ವರ್ಷ ಕಾಯುವುದು ನನ್ನ ಪದ್ಧತಿ. ವಿಂಚೆಸ್ಟರ್ 2003ರ ಹೊತ್ತಿಗೆ ತಂದ .223, .243 ಸೂಪರ್ ಶಾರ್ಟ್ ಮ್ಯಾಗ್ನಂಗಳು ಬಹಳ ಸದ್ದು ಮಾಡಿದವು. ಈಗ ಅವುಗಳ ತೋಟೆ ಹುಡುಕುವುದೇ ಒಂದು ಶಿಕಾರಿ. 6.5 ಕ್ರೀಡ್‌ಮೂರ್ ಹತ್ತು ವರ್ಷದ ಪರೀಕ್ಷೆ ಪಾಸಾಯಿತು, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಹಾಗಂತ ಹಳೆಯದು ಯಾವಾಗಲೂ ಸಿಗುತ್ತದೆ ಅಂತಲೂ ಅಲ್ಲ. 2020-21ರ ಕೊರತೆಯಲ್ಲಿ .223 ಮೊದಲು ಖಾಲಿಯಾಯಿತು, .30-30, .270 ಕೂಡ ಸಿಗದಾದವು. ಪ್ರತಿ ರೈಫಲ್‌ಗೂ ಎರಡು ಸೀಸನ್ನಿಗೆ ಆಗುವಷ್ಟು ತೋಟೆ ಮನೆಯಲ್ಲಿರಲಿ. ಒಣ ಜಾಗದಲ್ಲಿ, ಬೀಗ ಹಾಕಿ, ರೈಫಲ್‌ನಿಂದ ದೂರ.

ಖಾಲಿ ಕೇಸಿಗೆ ಮದ್ದು, ಗುಂಡು ಕೂರಿಸಿ ನಾನೇ ತೋಟೆ ತುಂಬುತ್ತೇನೆ. ಅದಕ್ಕೆ ಹೊಂದುವ ಹಾಗೆ ಕ್ಯಾಲಿಬರ್ ಆರಿಸಬಹುದಾ?

ಬಹುದು, ಅದು ಜಾಣತನ. .308ರ ಕುಟುಂಬದಲ್ಲಿ .243, .260 ರೆಮಿಂಗ್ಟನ್, 7 ಎಂಎಂ-08, .358 ವಿಂಚೆಸ್ಟರ್ ಎಲ್ಲ ಒಂದೇ ಕೇಸಿನ ಮಕ್ಕಳು. .30-06ರ ಕುಟುಂಬದಲ್ಲಿ .25-06, .270, .280, .35 ವೀಲನ್. ಒಂದು ಕುಟುಂಬದೊಳಗೆ ಉಳಿದರೆ ಕೇಸನ್ನು ಹಿಡಿಯುವ ಶೆಲ್ ಹೋಲ್ಡರ್, ಪ್ರೈಮರ್ ಒಂದೇ. ಮದ್ದಿನ ಡಬ್ಬಿಯೂ ಕೆಲವು ಸಲ ಒಂದೇ ಸಾಕು. .243 ಮತ್ತು .308 ಇಟ್ಟುಕೊಂಡವನು ಗ್ರೌಂಡ್‌ಹಾಗ್‌ನಿಂದ ಎಲ್ಕ್‌ವರೆಗೆ ಎರಡೇ ಸೆಟ್ ಡೈಗಳಲ್ಲಿ (ಕೇಸಿಗೆ ಆಕಾರ ಕೊಡುವ ಅಚ್ಚು) ಮುಗಿಸುತ್ತಾನೆ. ಇದು ನನಗೆ ಬಹಳ ಇಷ್ಟದ ಜೋಡಿ. .243ರ ಕೇಸನ್ನು ಹಿಗ್ಗಿಸಿ .308 ಮಾಡಲು ಮಾತ್ರ ಹೋಗಬೇಡಿ. ಕುತ್ತಿಗೆಯ ದಪ್ಪ ಎಡವಟ್ಟಾಗುತ್ತದೆ. .308 ಕೇಸು ಅಗ್ಗವಾಗಿ ಸಿಗುವಾಗ ಯಾಕೆ ಬೇಕು?

.223 ಮತ್ತು .300 ಬ್ಲ್ಯಾಕ್‌ಔಟ್ ಎರಡೂ ಇವೆ. ತೋಟೆ ತುಂಬುವ ಮ್ಯಾಗಝಿನ್ ಒಂದೇ ನಡೆಯುತ್ತೆ, ಒಳ್ಳೇದಲ್ವಾ?

ಅದೇ ಅಪಾಯ. .300 ಬ್ಲ್ಯಾಕ್‌ಔಟ್ .223ರ ಕೇಸಿನಿಂದಲೇ ಆದದ್ದು. ಕೆಲವು .300 ತೋಟೆಗಳು .223 ನಳಿಗೆಯೊಳಗೆ ಕೂತುಬಿಡುತ್ತವೆ, ಬೋಲ್ಟ್ ಮುಚ್ಚಿಕೊಳ್ಳುತ್ತದೆ. 0.308 ಇಂಚಿನ ಗುಂಡು 0.224 ಇಂಚಿನ ತೂತಿನಿಂದ ಹೊರಗೆ ಹೋಗಲು ಜಾಗ ಇಲ್ಲ. ರೈಫಲ್ ಕೈಯಲ್ಲೇ ಸಿಡಿಯುತ್ತದೆ. ಬೇರೆ ಬಣ್ಣದ ಮ್ಯಾಗಝಿನ್ ಇಡಿ, ಒಂದೇ ದಿನ ಎರಡನ್ನೂ ರೇಂಜಿಗೆ ಒಯ್ಯಬೇಡಿ. ಸಂಗ್ರಹ ಕಟ್ಟುವಾಗಲೇ ಇಂಥ ಜೋಡಿಯನ್ನು ತಪ್ಪಿಸುವುದು ಇನ್ನೂ ಒಳ್ಳೆಯದು.

ಆಫ್ರಿಕಾಗೆ ಹೋಗೋ ಕನಸಿದೆ. .375 ಈಗಲೇ ತಗೊಳ್ಳಲಾ? .470 ಡಬಲ್ (ಎರಡು ನಳಿಗೆಯ) ರೈಫಲ್ ಮೇಲೂ ಕಣ್ಣಿದೆ.

ಆಫ್ರಿಕಾದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಯಂಥ ಪ್ರಾಣಿಗೆ .375 ಕನಿಷ್ಠ ಅಳತೆ. .375 ಹಾಲಂಡ್ ಅಂಡ್ ಹಾಲಂಡ್ 1912ರದ್ದು. 300 ಗ್ರೇನ್ ಗುಂಡು, ಸೆಕೆಂಡಿಗೆ 2,500 ಅಡಿಗೂ ಮಿಕ್ಕಿದ ವೇಗ. ದಾರಿ .30-06ರ 180 ಗ್ರೇನ್ ಗುಂಡಿನ ಹತ್ತಿರ ಹತ್ತಿರ ಇರುತ್ತದೆ. ಹಾಗಾಗಿ ಅದೇ ರೈಫಲ್‌ನಲ್ಲಿ ಕುಡು ಅನ್ನುವ ದೊಡ್ಡ ಹುಲ್ಲೆಯನ್ನೂ ಕಾಡೆಮ್ಮೆಯನ್ನೂ ಹೊಡೆಯಬಹುದು. ಟಿಕೆಟ್ ಬುಕ್ ಆದ ಮೇಲೆ ಕೊಳ್ಳಿ. ಒಂದು ವರ್ಷ ಮೊದಲೇ ಕೊಂಡರೆ ಸಾಕು, ಅಷ್ಟರಲ್ಲಿ ಭುಜ ಒಗ್ಗಿಕೊಳ್ಳುತ್ತದೆ. ಎಲ್ಕ್‌ಗೆ ಒಂದು ಸೀಸನ್ ಅದನ್ನೇ ಒಯ್ದು ನೋಡಿ.

.470ಕ್ಕೂ ನಮಗೂ ಒಂದು ನಂಟಿದೆ. ಆಗ ದೊಡ್ಡ ಪ್ರಾಣಿಗಳಿಗೆ .450 ನೈಟ್ರೋ ಎಕ್ಸ್‌ಪ್ರೆಸ್ ನಡೆಯುತ್ತಿತ್ತು. ದಂಗೆಯೇಳುವವರ ಕೈಗೆ .450 ತೋಟೆ ಸಿಕ್ಕಿ ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಬಳಕೆಯಾದೀತು ಅನ್ನುವ ಭಯದಿಂದ ಬ್ರಿಟಿಷರು 1907ರಲ್ಲಿ ಭಾರತ ಮತ್ತು ಸುಡಾನ್‌ನಲ್ಲಿ ಆ ಅಳತೆಯನ್ನೇ ನಿಷೇಧಿಸಿದರು. ಲಂಡನ್ನಿನ ಕೋವಿ ತಯಾರಕರು ಸುಮ್ಮನಿರುತ್ತಾರಾ? .465, .470, .475 ಅಂತ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಅದೇ ಕೆಲಸದ ತೋಟೆಗಳನ್ನು ಮಾಡಿದರು. ಇಂದು .470 ಡಬಲ್ ರೈಫಲ್‌ನ ಬೆಲೆಗೆ ಒಳ್ಳೆಯ ಕಾರು ಬರುತ್ತದೆ. ನಿಮ್ಮ ಹಾಳೆಯಲ್ಲಿ ಅದಕ್ಕೆ ಸಾಲಿಲ್ಲ, ಆಸೆಯ ಪಟ್ಟಿಯಲ್ಲೇ ಇರಲಿ.

ಊರಲ್ಲಿ ಅಜ್ಜನ .315 ಇದೆ. ಅದಕ್ಕೆ ಸಮನಾದದ್ದು ಇಲ್ಲಿ ಯಾವುದು?

.315 ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಸ್ಪೋರ್ಟಿಂಗ್ ರೈಫಲ್. ತೋಟೆ 8×50 ಮ್ಯಾನ್‌ಲಿಕರ್‌ನ ಮನೆತನದ್ದು. ಸೈನ್ಯದ .303 ಖಾಸಗಿಯವರಿಗೆ ಸಿಗದ ಕಾರಣ ಭಾರತದಲ್ಲಿ ಇದು ಬೇರೂರಿತು. ಅಮೆರಿಕದ ಅಂಗಡಿಯಲ್ಲಿ ಇದರ ತೋಟೆ ಸಿಗುವುದಿಲ್ಲ. ಗುಂಡಿನ ತೂಕ, ನಿಧಾನದ ಗತಿ ಎರಡನ್ನೂ ನೋಡಿದರೆ ಹತ್ತಿರದ ಸ್ವಭಾವ .35 ರೆಮಿಂಗ್ಟನ್‌ನದು, ಅಂದರೆ ಕಾಡಿನೊಳಗೆ ಹತ್ತಿರದಿಂದ ಹೊಡೆಯುವ ಭಾರದ ಗುಂಡು. ಅದೇ ಕೆಲಸಕ್ಕೆ ತೋಟೆ ಸುಲಭವಾಗಿ ಸಿಗಬೇಕು ಅಂದರೆ .30-30 ತಗೊಳ್ಳಿ. ಅಜ್ಜನ ರೈಫಲನ್ನೇ ಇಲ್ಲಿಗೆ ತರಿಸುವ ಯೋಚನೆ ಇದ್ದರೆ ಎರಡೂ ದೇಶಗಳ ಅನುಮತಿ ಮೊದಲೇ ಕೈಯಲ್ಲಿರಬೇಕು. ಸೂಟ್‌ಕೇಸಿನಲ್ಲಿ ಒಂದು ಖಾಲಿ ಕೇಸನ್ನೂ ಇಟ್ಟುಕೊಂಡು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಬೇಡಿ.